ಖಾಲಿ ಕುರ್ಚಿ

ಪರೋಪಕಾರ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಾಡಿದವನ ಗತಿ ಏನಾಯಿತು ಅಂತ ಒಬ್ಬನೂ ಹೇಳುವುದಿಲ್ಲ. ಸವಣೂರಿನ ಸರ್ಕಾರಿ ಕಚೇರಿಯೊಂದರ ಗುಮಾಸ್ತ ವಿಜಯೀಂದ್ರನನ್ನು ಕೇಳಿ ನೋಡಿರಿ, ಹೇಳುತ್ತಾನೆ.

ಅವನ ಮನೆಯ ಕಂಪ್ಯೂಟರ್ ಪುಕ್ಕಟೆ ಚಾಕರಿ ಮಾಡುತ್ತಿತ್ತು. ಎಲ್ಲೋ ದೂರದ ವಿಜ್ಞಾನಿಗಳು ಕೈನಡುಕದ ಬೇನೆಗೆ ಔಷಧ ಹುಡುಕಲು ದೈತ್ಯ ಲೆಕ್ಕವೊಂದನ್ನು ಹಿಡಿದಿದ್ದರು. ಅದನ್ನು ತುಂಡು ಮಾಡಿ, ಒಪ್ಪಿದವರ ಕಂಪ್ಯೂಟರುಗಳಿಗೆ ಹಂಚಿದ್ದರು. ಕಂಪ್ಯೂಟರ್ ಮುಂದಿನ ಕುರ್ಚಿ ಖಾಲಿ ಇದ್ದಾಗಷ್ಟೇ ಲೆಕ್ಕ ನಡೆಯುವುದು. ಯಾರಾದರೂ ಕೂತು ಮುಟ್ಟಿದರೆ ನಿಂತುಬಿಡುವುದು. ವಿಜಯೀಂದ್ರನ ತಾಯಿ ಇಂದಿರಾಬಾಯಿ ಅದೇ ಬೇನೆಯಿಂದ ಹೋದವರು. ಕಡೆಗಾಲಕ್ಕೆ ದೇವರ ದೀಪಕ್ಕೆ ಕಡ್ಡಿ ಗೀರಲು ಕೈ ನಿಲ್ಲದೆ ಅಳುತ್ತಿದ್ದರು. ಆ ಅಳು ಮಗನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಈ ಸಲ ಬಂದ ತುಂಡು ದೊಡ್ಡದು, ತಿಂಗಳಿಂದ ನಡೆದಿತ್ತು. ಇವತ್ತು ಸಂಜೆಯೊಳಗೆ ಮುಗಿಯದಿದ್ದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇವತ್ತೇ ಹಂಸಭಾವಿಯಲ್ಲಿ ಹೆಂಡತಿಯ ತಮ್ಮನ ಮಗನ ಮುಂಜಿ! ಹೋಗದಿದ್ದರೆ ಪದ್ಮಜಾ ಬಿಡುವವಳಲ್ಲ, ರಜೆ ಕೇಳಿದರೆ ಶಂಭುಲಿಂಗ ಸಾಹೇಬರು ಕೊಡುವವರಲ್ಲ. ಅದಕ್ಕೆ ನಮ್ಮ ಕಚೇರಿಗಳ ಹಳೆಯ ಸಂಪ್ರದಾಯದಂತೆ, ಬೆಳಿಗ್ಗೆ ಹಾಜರಿ ಮಸ್ಟರಿಗೆ ಸಹಿ ಹಾಕಿ, 'ಇಲ್ಲೇ ಚಹಾಕ್ಕ ಹೋಗ್ಯಾನ' ಅನ್ನುವ ಹಾಗೆ ಕುರ್ಚಿಗೆ ಸ್ವೆಟರ್ ತೂಗುಹಾಕಿ, ಬಸ್ ಹಿಡಿದ. ಮನೆಯ ಕೀಲಿ ಪಕ್ಕದ ಮನೆಯ ಗುದ್ಲೆಪ್ಪನಿಗೆ ಕೊಟ್ಟಿದ್ದ.

"ತುಳಸಿಗೆ ನೀರು ಹಾಕ್ರಿ ಸಾಕು. ಕಂಪ್ಯೂಟರ್ ಮುಟ್ಟಬ್ಯಾಡ್ರಿ."

"ನಾ ಯಾಕ ಮುಟ್ಟಲಿ ತಮ್ಮಾ? ನನಗೇನ ಹುಚ್ಚ ಹಿಡದೈತೇನು?"

ವಟು ಭಿಕ್ಷೆಗೆ ನಿಂತ ಹೊತ್ತಿನಲ್ಲಿ ವಿಜಯೀಂದ್ರ ಮೊಬೈಲ್ ತೆಗೆದ. ಮನೆಯ ಕಂಪ್ಯೂಟರಿನ ಹಣೆಬರಹ ಅದರಲ್ಲೇ ಕಾಣುತ್ತಿತ್ತು. 'ಕಂಪ್ಯೂಟರ್ ಬಳಕೆಯಲ್ಲಿದೆ. ಟಾಸ್ಕ್ ಸಸ್ಪೆಂಡ್.' ಗುದ್ಲೆಪ್ಪನಿಗೆ ಫೋನ್ ಹಚ್ಚಿದ. ಆ ಕಡೆ ಧಾರಾವಾಹಿಯ ಅತ್ತೆಯೊಬ್ಬಳು ಸೊಸೆಯನ್ನು ಬೈಯುತ್ತಿದ್ದಳು.

"ಎಲ್ಲಿದ್ದೀರಿ ಗುದ್ಲೆಪ್ಪನವರ?"

"ನಾನಾ? ತುಳಸಿಗೆ ನೀರ ಹಾಕಾಕತ್ತೇನಿ."

ಹಾಗಾದರೆ ಬೈಯುತ್ತಿದ್ದದ್ದು ತುಳಸಿಯೇ ಇರಬೇಕು. "ಅಯ್ಯ, ಸಸ್ಪೆಂಡ್ ಆಗ್ಯದರೀ! ತಿಂಗಳ ದುಡಿತ ನೀರಾಗ ಹೋಗ್ತದ! ನೀವ ಏನರೆ ಮಾಡಬೇಕು. ಮೊದಲ ಕುರ್ಚಿ..."

ನೆಟ್‌ವರ್ಕ್ ಅಲ್ಲಿಗೇ ಕೈಕೊಟ್ಟಿತು.

ಗುದ್ಲೆಪ್ಪನಿಗೆ ಎಷ್ಟು ಕೇಳಿಸಿತೋ, ಮುಂಜಿಮನೆಗೆ ಮಾತ್ರ ಪೂರ್ತಿ ಕೇಳಿಸಿತ್ತು. ಸುದ್ದಿ ಅಡಿಗೆಮನೆ ಮುಟ್ಟಿ ಬರುವಷ್ಟರಲ್ಲಿ ಪದ್ಮಜಾ ಕಣ್ಣೊರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದಳು.

"ಸಸ್ಪೆಂಡ್ ಆದ್ರಂತ? ಎಷ್ಟ ತಿಂದೀರಿ? ಮನೀಗಂತೂ ಒಂದ ಪೈ ತಂದಿಲ್ಲ!"

"ನಾನಲ್ಲ ಪದ್ಮಾ, ಕಂಪ್ಯೂಟರು!"

"ಕಂಪ್ಯೂಟರಿಗೆ ಯಾರರೆ ಸಸ್ಪೆಂಡ್ ಮಾಡ್ತಾರೇನು? ಸುಳ್ಳ ಹೇಳಲಿಕ್ಕೂ ನಿಮಗ ಬರೂದಿಲ್ಲ!"

ಹಿರಿಯರೊಬ್ಬರು ರಾಯರಿಗೆ ಹರಕೆ ಹೊರಲು ಹೇಳಿದರು. ಇನ್ನೊಬ್ಬರು ದೂರ ಹೋಗಿ ಕೂತರು. ಊಟಕ್ಕೆ ಕೂತರೆ, ಎಲ್ಲರಿಗೂ ಇಡೀ ಹೋಳಿಗೆ ಬಡಿಸುತ್ತ ಬಂದ ಮಹಾರಾಯ ಇವನ ಎಲೆಗೆ ಅರ್ಧ ಮುರಿದು ಹಾಕಿ ಮುಂದೆ ಹೋದ. ನೌಕರಿ ಹೋದವನಿಗೆ ಹಸಿವೂ ಅರ್ಧ ಅಂತ ಅವನ ಲೆಕ್ಕ.

ಅಷ್ಟರಲ್ಲಿ ಮೊಬೈಲ್ ಮಿನುಗಿತು. 'ಟಾಸ್ಕ್ ಚಾಲೂ.' ವಿಜಯೀಂದ್ರ ಎಂಜಲುಗೈ ಮರೆತು ಮೊಬೈಲನ್ನು ಕಣ್ಣಿಗೊತ್ತಿಕೊಂಡ. ಗುದ್ಲೆಪ್ಪ ಕುರ್ಚಿ ಬಿಟ್ಟೆದ್ದಿದ್ದ, ದೇವರಂಥ ಮನುಷ್ಯ! ತಾಂಬೂಲದ ಹೊತ್ತಿಗೆ ಲೆಕ್ಕ ಮುಗಿದು ವಿಜ್ಞಾನಿಗಳಿಗೆ ಮುಟ್ಟಿಯೂ ಬಿಟ್ಟಿತು. 'ಧನ್ಯವಾದ' ಅಂತ ನಾಲ್ಕಕ್ಷರ ಬಂತು. ಅವ್ವನ ನಡುಗುವ ಕೈ ನೆನಪಾಗಿ ಅವನಿಗೆ ಅಳು ಬಂತು. ಮೊಬೈಲನ್ನೇ ಎಲ್ಲರಿಗೂ ತೋರಿಸಿ ತಿಳಿಸಿ ಹೇಳಿದ. ಆಗ ನಂಬಿದರು, ಬಿದ್ದು ಬಿದ್ದು ನಕ್ಕರು. ದೂರ ಕೂತವರು ಹತ್ತಿರ ಬಂದರು.

ನಗು ನಿಲ್ಲುವ ಮೊದಲೇ ಕಚೇರಿಯ ಜೊತೆಗಾರ ಇರ್ಫಾನನ ಫೋನು.

"ವಿಜುಭಾಯಿ, ನಿಮ್ಮ ಮಗ್ಗಲಮನಿ ಗುದ್ಲೆಪ್ಪ ಇಲ್ಲಿಗೆ ಓಡಿ ಬಂದಿದ್ದ."

"ಎಲ್ಲಿಗೆ?"

"ಆಫೀಸಿಗೆ! ಸಾಹೇಬ್ರ ಕಾಲ ಹಿಡದ. 'ಸಸ್ಪೆಂಡ್ ಮಾಡಬ್ಯಾಡ್ರಿ, ಅವನ ಕುರ್ಚಿ ಉಳಸ್ರಿ. ಪಾಪ, ಹಂಸಭಾವಿ ಮುಂಜ್ಯಾಗ ಕುಂತ ಅಳಾಕತ್ತಾನ' ಅಂದ. 'ಹಂಸಭಾವಿ? ಚಹಾಕ್ಕ ಹೋಗಿಲ್ಲೇನು?' ಅಂತ ಸಾಹೇಬ್ರು ಎದ್ದ ಬಂದು ನಿನ್ನ ಸ್ವೆಟರ್ ನೋಡಿದ್ರು. ಆಮ್ಯಾಲ ಮಸ್ಟರ್ ತರಿಸಿದ್ರು."

"ಆಮ್ಯಾಲ?"

"ಆಮ್ಯಾಲೇನು, ಆರ್ಡರ್ ಬರಸಿದ್ರು. ನಾನ ಟೈಪ್ ಮಾಡಿದೆ. ತಪ್ಪ ತಿಳೀಬ್ಯಾಡ."

ಮನೆಯ ಕುರ್ಚಿ ಯಾಕೆ ಖಾಲಿಯಾಯಿತು ಅಂತ ವಿಜಯೀಂದ್ರನಿಗೆ ಈಗ ತಿಳಿಯಿತು. ಮೊಬೈಲನ್ನು ಮೆಲ್ಲಗೆ ಕಿಸೆಗೆ ಇಳಿಸಿದ.

"ಏನಂತರಿ?" ಪದ್ಮಜಾ ನಗುತ್ತಲೇ ಬಂದಳು.

"ಸಸ್ಪೆಂಡ್ ಆಗ್ಯದ."

"ಮತ್ತನಾ?" ಅವಳು ಇಡೀ ಹೋಳಿಗೆಯೊಂದನ್ನು ಅವನ ಕೈಗಿಟ್ಟಳು. "ಆಗಲಿ ಬಿಡ್ರಿ. ಅದಕ್ಕೇನ ಹೆಂಡ್ತಿ ಮಕ್ಕಳ ಇದ್ದಾರೇನು!"