ಗುಜರಾತಮ್ಮ ನಮ್ಮ ಅಂಗಳಕ್ಕೆ ಬಂದದ್ದು

ಬಾಗೂರಿನ ಎಲ್ಲೆ ದಾಟದೆ, ಕಾಲಿನ ಚಪ್ಪಲಿ ಸವೆಸದೆ, ಒಂದೇ ಸಂಜೆಯಲ್ಲಿ ಪಂಜಾಬು, ರಷ್ಯಾ, ಗುಜರಾತು ಮೂರನ್ನೂ ಹಾಳುಗೆಡವಬಲ್ಲ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಆತನ ಅಂಗಳದಲ್ಲೇ ಕುಣಿದು ದೊಡ್ಡವಳಾಗಿದ್ದೇನೆ. ಆತ ನಮ್ಮ ದೊಡ್ಡಪ್ಪ!

ದೊಡ್ಡಪ್ಪ ನಮ್ಮೂರ ಮಿಡ್ಲ್ ಸ್ಕೂಲಿನ ಡ್ರಿಲ್ ಮೇಷ್ಟ್ರು. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಮೇಷ್ಟ್ರುಗಳನ್ನೆಲ್ಲ ಮೈಸೂರಿಗೆ ತರಬೇತಿಗೆ ಕರೆಸಿದ್ದರು. ಮಕ್ಕಳೆಲ್ಲ ಒಂದಾಗಬೇಕಾದರೆ ಒಬ್ಬರ ಸೀಮೆಯ ಹಾಡು ಕುಣಿತವನ್ನು ಇನ್ನೊಬ್ಬರು ಕಲಿಯಬೇಕು ಎಂದು ಅಲ್ಲಿ ಹೇಳಿಕೊಟ್ಟರಂತೆ. ಉಳಿದ ಮೇಷ್ಟ್ರುಗಳು ಆ ಮಾತನ್ನು ಮೈಸೂರಿನಲ್ಲೇ ಬಿಟ್ಟು ಮೈಸೂರುಪಾಕು ಕಟ್ಟಿಸಿಕೊಂಡು ಬಂದರು. ನಮ್ಮ ದೊಡ್ಡಪ್ಪ ಪಾಕು ಮರೆತು ಮಾತನ್ನು ಹೊತ್ತುಕೊಂಡು ಬಂದ! ಸಿಹಿಗೆ ಕಾದಿದ್ದ ನಮಗೆ ಸಿಕ್ಕಿದ್ದು ಪಂಜಾಬಿನ ಕುಣಿತ.

ಕಲಿಸುವುದೇನೋ ಸರಿ, ಹಾಡಬೇಕಲ್ಲ! ದೊಡ್ಡಪ್ಪನ ಹಾಡನ್ನು ವರ್ಣಿಸುವುದು ಹೇಗೆ? ಸ್ವರ ಏರಬೇಕಾದಲ್ಲಿ ಇಳಿಯುತ್ತಿತ್ತು, ಇಳಿಯಬೇಕಾದಲ್ಲಿ ಅಟ್ಟ ಹತ್ತುತ್ತಿತ್ತು. ಅವನು ಬಾಯಿ ತೆರೆದ ದಿನ ನಮ್ಮ ಎಮ್ಮೆ ಹಾಲು ಕೊಡುವುದಿಲ್ಲ ಎಂಬುದು ಪಕ್ಕದ ಮನೆಯಲ್ಲೇ ಇದ್ದ ನಮ್ಮಪ್ಪನ ದೂರು. ಅಣ್ಣ ಎಂಬ ಮರ್ಯಾದೆಗೆ ಎದುರಿಗೆ ಹೇಳುತ್ತಿರಲಿಲ್ಲ, ಎಮ್ಮೆಗೆ ಹೇಳುತ್ತಿದ್ದ.

ಇನ್ನೊಂದು ವಿಚಿತ್ರ. ಶಾಲೆಗೆ ಅಷ್ಟಗಲದ ಮೈದಾನವಿತ್ತು. ಆದರೂ ಕುಣಿತದ ಪಾಠ ಸಂಜೆ ದೊಡ್ಡಪ್ಪನ ಮನೆಯ ಅಂಗಳದಲ್ಲೇ ಆಗಬೇಕು, ಅದೂ ಅಡುಗೆಮನೆಯ ಕಿಟಕಿಗೆ ಎದುರಾಗಿ. ಯಾಕೆ ಎಂದು ಹೆಡ್ ಮೇಷ್ಟ್ರು ಕೇಳಿದರೆ, "ಮೈದಾನದಲ್ಲಿ ಧೂಳು ಸಾ" ಅನ್ನುತ್ತಿದ್ದ. ಅವನ ಅಂಗಳಕ್ಕೇನು ಅಮೃತಶಿಲೆ ಹಾಸಿತ್ತೇ?

ಆ ಅಡುಗೆಮನೆಯಲ್ಲಿ ದೊಡ್ಡವ್ವ ಇರುತ್ತಿದ್ದಳು. ಅರಕಲಗೂಡಿನ ಕಡೆಯಿಂದ ಸೊಸೆಯಾಗಿ ಬಂದವಳು. ಒಂದು ಕಾಲದಲ್ಲಿ ಅವಳಿಲ್ಲದೆ ನಮ್ಮೂರಲ್ಲಿ ಒಂದು ಮದುವೆಯ ಸೋಬಾನೆ ಪದವೂ ಎದ್ದದ್ದಿಲ್ಲವಂತೆ. ಇದ್ದೊಬ್ಬಳು ಮಗಳು ಜ್ವರದಲ್ಲಿ ಹೋದಳು, ಅಂದಿನಿಂದ ದೊಡ್ಡವ್ವ ಹಾಡು ಬಿಟ್ಟಳು. ಮದುವೆಗೆ ಕರೆದರೆ ಅಕ್ಷತೆ ಹಾಕಿ, ಪದ ಶುರುವಾಗುವ ಮುಂಚೆ ಎದ್ದು ಬರುತ್ತಿದ್ದಳು. ಊಟ, ಕೆಲಸ, ಮಾತು ಎಲ್ಲ ಇತ್ತು, ಹಾಡೊಂದಿರಲಿಲ್ಲ. ದೊಡ್ಡಪ್ಪನಿಗೆ ಇದ್ದ ಕೊರಗು ಅದೊಂದೇ ಎಂದು ನಮ್ಮವ್ವ ಹೇಳುತ್ತಿದ್ದಳು. ಅಂಥ ಹಾಡುಗಾರ್ತಿಯ ಕಿವಿಗೆ ದಿನಾ ಸಂಜೆ ಈ ಶಿಕ್ಷೆ!

ಮೊದಲು ಪಂಜಾಬಿನ ಕಥೆ ಕೇಳಿ. ಹುಡುಗರ ತಲೆಗೆ ಅವರವರ ಅಪ್ಪಂದಿರ ಪಂಚೆಯ ರುಮಾಲು. ದೊಡ್ಡಪ್ಪ ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದಂತೆ ಅವರು ಎರಡೂ ಕೈ ಮೇಲೆತ್ತಿ, ಭುಜ ಕುಣಿಸಿ, ಹೋಯ್ ಎಂದು ಕೂಗಬೇಕು. ಹೊಲದಿಂದ ಬರುತ್ತಿದ್ದ ಗೌಡರೊಬ್ಬರು ಬೇಲಿಯ ಹತ್ತಿರ ನಿಂತರು.

"ಮೇಷ್ಟ್ರೇ, ಹುಡುಗ್ರು ಯಾಕ್ ಸಾ ಹಕ್ಕಿ ಓಡುಸ್ತಾವ್ರೆ?"

"ಹಕ್ಕಿ ಅಲ್ಲ ಕಣಪ್ಪ! ಪಂಜಾಬ್‌ನಾಗೆ ಫಸ್ಲು ಕುಯ್ದ್ ಮ್ಯಾಲೆ ಇಂಗೆ ಕುಣೀತಾರೆ."

"ಕುಯ್ದ್ ಮ್ಯಾಲೆ ಹಕ್ಕಿ ಓಡ್ಸಿ ಏನ್ ಬಂತು ಸಾ?"

ದೊಡ್ಡಪ್ಪ ಡಬ್ಬವನ್ನು ಇನ್ನಷ್ಟು ಜೋರಾಗಿ ಬಡಿದ.

ಆಮೇಲೆ ರಷ್ಯಾ. ಕುಕ್ಕರುಗಾಲಲ್ಲಿ ಕೂತು, ಎದೆಯ ಮೇಲೆ ಕೈಕಟ್ಟಿ, ಒಂದೊಂದೇ ಕಾಲು ಮುಂದಕ್ಕೆ ಚಾಚಿ ನೆಗೆಯುವ ಕುಣಿತವಂತೆ. ನಮ್ಮೂರ ಹುಡುಗರಿಗೆ ಕುಕ್ಕರುಗಾಲಲ್ಲಿ ಕೂರುವುದನ್ನು ಹೇಳಿಕೊಡಬೇಕೇ? ಒಂದೇ ಮಾತಿಗೆ ಸಾಲಾಗಿ ಕೂತರು. ಮುಂದಿನದೇ ಕಷ್ಟವಾದದ್ದು. ಕೂತವರು ಕೂತಲ್ಲೇ ಹರಟೆಗೆ ಇಳಿದರು! ಡಬ್ಬ ಬಡಿದು ಬಡಿದು ಸೊಟ್ಟಗಾಯಿತೇ ಹೊರತು ರಷ್ಯಾ ಮೇಲೇಳಲಿಲ್ಲ.

ಕೊನೆಗೆ ಹುಡುಗಿಯರಾದ ನಮ್ಮ ಸರದಿ, ಗುಜರಾತಿನ ಗರ್ಬಾ. ಹಾಸನದಲ್ಲಿ ಶಾಲೆಗಳ ಸ್ಪರ್ಧೆಗೆ ಇದನ್ನೇ ಕೊಂಡೊಯ್ಯುವುದೆಂದು ತೀರ್ಮಾನವಾಯಿತು. ಅಂಗಳದ ನಡುವೆ ತೂತು ಕೊರೆದ ಮಣ್ಣಿನ ಗಡಿಗೆ, ಅದರೊಳಗೆ ದೀಪ. ಸುತ್ತ ಬಾಗಿ, ಚಪ್ಪಾಳೆ ತಟ್ಟುತ್ತ ನಾವು ತಿರುಗಬೇಕು. ಮೊದಲ ಸಂಜೆಯೇ ಕೇರಿಯ ಹೆಂಗಸರು ಬಂದು ಬೇಲಿಯ ಹೊರಗೆ ಚಪ್ಪಲಿ ಬಿಟ್ಟರು.

"ಯಾವ್ ದೇವ್ರು ಸಾ?"

"ದೇವ್ರಲ್ಲ ಕಣ್ರವ್ವ, ಗುಜರಾತಿನ ಕುಣಿತ."

ದೀಪವಿದೆ, ಗಡಿಗೆಯಿದೆ, ಹೆಣ್ಣುಮಕ್ಕಳು ಸುತ್ತು ಬರುತ್ತಿದ್ದಾರೆ, ಇನ್ನು ದೇವರಲ್ಲ ಎಂದರೆ ಯಾರು ಒಪ್ಪುತ್ತಾರೆ? ಮಾರನೆಯ ಸಂಜೆ ಗಡಿಗೆಗೆ ಅರಿಸಿನ ಕುಂಕುಮ ಬಿದ್ದಿತ್ತು, ಕನಕಾಂಬರದ ದಂಡೆ ಬಂದಿತ್ತು. ಅದರ ಮಾರನೆಯ ದಿನ ತಂಬಿಟ್ಟು. ಆ ವಾರ ಕಳೆಯುವುದರೊಳಗೆ ಆ ದೇವರಿಗೆ ಗುಜರಾತಮ್ಮ ಎಂದು ಹೆಸರಾಗಿ, ಒಬ್ಬಾಕೆ ಹಾಲು ಕುಡಿಯದ ಕೂಸನ್ನು ತಂದು ಗಡಿಗೆಯ ಮುಂದೆ ಮಲಗಿಸಿಯೇ ಬಿಟ್ಟಳು! ದೊಡ್ಡಪ್ಪ ತಲೆ ಕೆರೆದುಕೊಂಡ. "ಆ ದೀಪ ಅಮ್ಮನೇ ಅಂತ ಆ ಸೀಮೆಯೋರೂ ಅಂತಾರೆ ಕಣವ್ವ, ಮೈಸೂರಲ್ಲಿ ಯೋಳಿದ್ರು. ನಾನೇ ಮರ್ತಿದ್ದೆ" ಎಂದು ನನಗೆ ಹೇಳಿ, ತಾನೂ ಒಂದು ಕೈ ಮುಗಿದ. ಮತ್ತೊಂದು ಕೈಯಲ್ಲಿ ತಂಬಿಟ್ಟಿತ್ತು.

ದೇವರು ಬಂದ ಮೇಲೆ ಪದ ಬೇಡವೇ? ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಹೆಂಗಸರು ಸೆರಗು ಬಾಯಿಗಿಟ್ಟರು. "ಮೇಷ್ಟ್ರು ಇಂಗ್ ಹಾಡುದ್ರೆ ಅಮ್ಮ ನಾಳೀಕೆ ವಾಪಸ್ ಗುಜರಾತ್‌ಗೇ ಒಂಟೋಯ್ತಾಳೆ" ಎಂದಳು ಒಬ್ಬಾಕೆ. ದೊಡ್ಡಪ್ಪ ಕೇಳಿಸದವನಂತೆ ಕಿಟಕಿಯ ಕಡೆ ತಿರುಗಿ ಇನ್ನಷ್ಟು ಜೋರು ಮಾಡಿದ. ಎರಡನೆಯ ಸಾಲಿನಲ್ಲಿ ಸ್ವರ ಅಟ್ಟ ಹತ್ತಿತು. ನಮ್ಮ ಚಪ್ಪಾಳೆ ತಪ್ಪಿತು, ಒಬ್ಬಳ ಕಾಲನ್ನು ಇನ್ನೊಬ್ಬಳು ತುಳಿದಳು, ನಾನು ಗಡಿಗೆಯ ಮೇಲೆ ಬೀಳುವುದೊಂದು ಬಾಕಿ.

ಒಳಗೆ ಮುದ್ದೆ ತೊಳಸುತ್ತಿದ್ದ ಸದ್ದು ನಿಂತಿತು. ಹಿಟ್ಟಿನ ಕೋಲು ಹಿಡಿದುಕೊಂಡೇ ದೊಡ್ಡವ್ವ ಹೊರಗೆ ಬಂದಳು.

"ಅಲ್ಲಿ ಏರುಸ್ಬ್ಯಾಡಿ, ಇಳುಸ್ಬೇಕು! ಎಷ್ಟು ದಿವ್ಸ ಅಂತ ಕೇಳದು ಇದ್ನ!"

"ಎಂಗೆ?" ಎಂದ ದೊಡ್ಡಪ್ಪ, ಏನೂ ಅರಿಯದವನ ಹಾಗೆ.

"ಇಂಗೆ" ಎಂದು ದೊಡ್ಡವ್ವ ಹಾಡಿಬಿಟ್ಟಳು. ಗುಜರಾತಿ ಅವಳಿಗೆಲ್ಲಿ ಬರಬೇಕು? ಧಾಟಿ ಆ ಸೀಮೆಯದು, ಮಾತು ಸೋಬಾನೆಯದು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಗಟ್ಟಿಯಾಯಿತು. ಹೆಂಗಸರು ಸೆರಗು ಬಾಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು 'ಸೋ' ಎಂದು ಸೊಲ್ಲು ಸೇರಿಸಿದರು. ನಾವು ತಿರುಗಿದೆವು, ಒಬ್ಬಳ ಹೆಜ್ಜೆಯೂ ತಪ್ಪಲಿಲ್ಲ. ಆ ರಾತ್ರಿಯ ಮುದ್ದೆ ಗಂಟುಗಂಟಾಗಿತ್ತು, ದೊಡ್ಡಪ್ಪ ಮಾತ್ರ ಇನ್ನೊಂದು ಹಾಕು ಎಂದು ಕೇಳಿ ಹಾಕಿಸಿಕೊಂಡ.

ಹಾಸನಕ್ಕೂ ದೊಡ್ಡವ್ವನೇ ಬಂದು ಹಾಡಿದಳು. ತೀರ್ಪುಗಾರರು ಗಲಿಬಿಲಿಯಾದರು. "ಕುಣಿತ ಗುಜರಾತಿನದು, ಹಾಡು ಕನ್ನಡದ್ದು. ಇದು ಯಾವ ಪ್ರಾಂತ್ಯದ್ದು ಮೇಷ್ಟ್ರೇ?" ಎಂದು ಕೇಳಿದರು.

"ನಮ್ಮನೇದು ಸಾ" ಎಂದ ದೊಡ್ಡಪ್ಪ.

ಬಹುಮಾನ ಹೊಳೆನರಸೀಪುರದವರ ಪಾಲಾಯಿತು. ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ದಣಿದಿದ್ದ ದೊಡ್ಡವ್ವ ಕಿಟಕಿಗೆ ಒರಗಿ ನಿದ್ದೆಹೋದಳು. ಹಿಂದಿನ ಸೀಟಿನಲ್ಲಿ ನಾನು. ಹಾಸನ ದಾಟಿದ ಮೇಲೆ ಯಾರೋ ಮೆಲ್ಲಗೆ ಅದೇ ಹಾಡನ್ನು ಗುನುಗುವುದು ಕೇಳಿತು. ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದು, ಎಳ್ಳಷ್ಟೂ ತಪ್ಪಿಲ್ಲ. ಬಗ್ಗಿ ನೋಡಿದರೆ ದೊಡ್ಡಪ್ಪ!

"ದೊಡ್ಡಪ್ಪಾ! ನಿಂಗೆ ಹಾಡಕ್ಕೆ ಬತ್ತದಾ!"

ಅವನು ಬೆಚ್ಚಿ, ಬಾಯಿಗೆ ಬೆರಳಿಟ್ಟು, ಮಲಗಿದ್ದ ದೊಡ್ಡವ್ವನ ಕಡೆ ನೋಡಿದ.

"ಸುಮ್ಕಿರವ್ವ. ನಾನು ಸರ್ಯಾಗ್ ಹಾಡುದ್ರೆ, ತಿದ್ದಕ್ಕೆ ಅವ್ಳು ಯಾಕ್ ಈಚೆ ಬತ್ತಾಳೆ?"

ನನಗೆ ಅಳು ಬಂತು. ಈ ಮಾತನ್ನು ದೊಡ್ಡವ್ವನಿಗೆ ಅವಳಿರುವ ತನಕ ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ದೊಡ್ಡಪ್ಪನ ಅಪಸ್ವರ ಎಂದಿನಂತೆ ಎದ್ದಿತು, ನಮ್ಮಪ್ಪ ಎಮ್ಮೆಯ ಹತ್ತಿರ ಗೊಣಗಿದ. "ಅಯ್ಯೋ, ಅಂಗಲ್ಲ ಕಣ್ರೀ!" ಎಂದು ಅಡುಗೆಮನೆಯಿಂದ ದೊಡ್ಡವ್ವ ಬೈದಳು. ಬೈದು, ಹಾಡಿದಳು.