ಎರಡು ತೂತಿನ ಪೆಟ್ಟಿಗೆ

ನಮ್ಮ ಸೋದರಮಾವನನ್ನು ಮೆಚ್ಚಿಸಬಲ್ಲ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ! ತಯಾರಾದದ್ದು ಒಂದೇ ಒಂದು. ಅದನ್ನೂ ಕಂಪನಿಯವರು ಸ್ವಲ್ಪ ದಿನಕ್ಕೇ ಕೆಡಿಸಿಟ್ಟರು. ಆ ಕಥೆ ಹೇಳೋಣವೆಂದೇ ಕೂತಿದ್ದೇನೆ. ಮಾವನ ಹೆಸರು ಮಾತ್ರ ಕೇಳಬೇಡಿ. ಬರೆದರೆ, "ನನ್ನ ಹೆಸ್ರನ್ನ ಯಾಕ್ಲಾ ಇಷ್ಟು ಸಣ್ಣ ಅಕ್ಸರದಾಗೆ ಅಚ್ಚಾಕ್ಸಿದ್ದೀಯ?" ಎಂದು ಅದಕ್ಕೂ ಒಂದು ತಕರಾರು ತೆಗೆಯುವ ಆಸಾಮಿ. ಅಲ್ಲದೆ ಅವನನ್ನು ಹೆಸರು ಹಿಡಿದು ಕರೆಯುವವರೇ ಊರಲ್ಲಿಲ್ಲ. ಕೆಲವರಿಗೆ ಮಾವ, ಕೆಲವರಿಗೆ ಅಣ್ಣ, ಉಳಿದವರಿಗೆಲ್ಲ ಗೌಡ್ರು.

ಹೊಸದೇನೇ ಕಂಡರೂ ಮಾವನ ಕಣ್ಣು ಮೊದಲು ಹೋಗುವುದು ಅದರಲ್ಲಿ ಏನಿಲ್ಲ ಎನ್ನುವುದರ ಮೇಲೆ. ಹೆಣ್ಣು ನೋಡಿ ಬಂದವನನ್ನು ನಮ್ಮಜ್ಜಿ, "ಹುಡ್ಗಿ ಹೆಂಗವ್ಳ್ಲಾ?" ಎಂದು ಕೇಳಿದರೆ, "ಕಾಫಿ ಲೋಟ ಸಣ್ಣದು ಕಣವ್ವಾ, ಹೋದ್ಸಲ ನೋಡಿದ್ ಮನೇಲಿ ದೊಡ್ಡ ಲೋಟ ಇತ್ತು" ಎಂದನಂತೆ! ಕೊನೆಗೆ ಆ ಸಣ್ಣ ಲೋಟದ ಮನೆಯ ಹುಡುಗಿಯೇ ನಮ್ಮ ಅತ್ತೆಯಾದಳು. ಹುಡುಗಿಯ ಬಗ್ಗೆ ತಕರಾರು ಇರಲಿಲ್ಲವೆಂದು ನಾವೇ ಅರ್ಥ ಮಾಡಿಕೊಳ್ಳಬೇಕು.

ಎಪ್ಪತ್ತರ ದಶಕದಲ್ಲಿ ಮಾವನ ಹತ್ತಿರ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ಅದಕ್ಕೆ ಚರ್ಮದ ಹೊದಿಕೆ, ಹೆಗಲಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ. ಅದು ಕೆಟ್ಟ ಮೇಲೆ ಅಂಥದ್ದೇ ಬೇಕೆಂದು ಮಧುಗಿರಿಯ ಅಂಗಡಿಗೆ ಹೋದ. ಜೊತೆಗೆ ನಾನೂ ಇದ್ದೆ. ಅಂಗಡಿಯವನು ಕೊಟ್ಟದ್ದು ಬರೀ ಪ್ಲಾಸ್ಟಿಕ್ಕಿನ ಹೊಸ ಮಾಡೆಲ್ಲು.

"ಇದರ ಅಂಗಿ ಎಲ್ಲಿ?" ಎಂದ ಮಾವ.

"ಈಗ ಅಂಗಿ ಬರಲ್ಲ ಗೌಡ್ರೆ. ಮೈಯೇ ಚೆಂದ ಐತಲ್ಲ!"

"ಮೈ ಚೆಂದ ಐತೆ ಅಂತ ನೀನು ಅಂಗಿ ಬಿಚ್ಚಾಕಿ ಅಂಗ್ಡೀಲಿ ಕೂತ್ಕಂತೀಯೇನಯ್ಯಾ?"

ಕೊನೆಗೆ ಅದನ್ನೇ ಕೊಂಡು, ತನ್ನ ಹಳೆಯ ಖಾಕಿ ಚಡ್ಡಿ ಹರಿದು ದರ್ಜಿಯ ಹತ್ತಿರ ರೇಡಿಯೋಗೆ ಅಂಗಿ ಹೊಲಿಸಿದ. ಅಂಗಿಗೆ ಒಂದು ಜೇಬು, ಜೇಬಿನಲ್ಲಿ ಅರ್ಧ ಸೇದಿಟ್ಟ ಬೀಡಿ. ಒಂದು ದಿನ ದೆಹಲಿಯ ವಾರ್ತೆ ಬರುತ್ತಿದ್ದಾಗ ಜೇಬಿನಿಂದ ಹೊಗೆ ಬಂತು. ದೆಹಲಿಯಲ್ಲಿ ಏನೋ ಆಗಿದೆ ಎಂದು ಊರವರೆಲ್ಲ ಓಡಿ ಬಂದರು.

ಮಾವನದು ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ಊರು. ಕಡಲೆಕಾಯಿ ಬೆಳೆಯುವ ಹೊಲವಿತ್ತು, ಆದರೆ ಗಂಡ ಹೆಂಡತಿ ಆಯುಸ್ಸು ಕಳೆದದ್ದು ಹಿಟ್ಟಿನ ಮಿಷನ್ನಿನ ಮುಂದೆ. ಮಾವ ಮೇಲಿನ ಡಬ್ಬಕ್ಕೆ ರಾಗಿ ಸುರಿಯುವುದು, ಅತ್ತೆ ಕೆಳಗೆ ಚೀಲ ಹಿಡಿದು ಹಿಟ್ಟು ತುಂಬಿಸಿಕೊಳ್ಳುವುದು. ಒಂದು ಹಿಡಿ ಹಿಟ್ಟು ನೆಲಕ್ಕೆ ಬಿದ್ದರೆ ಸಾಕು, "ಊರೋರ ಹಿಟ್ಟು ಕಣೇ ಅದು, ನಮ್ಮಪ್ಪಂದಲ್ಲ!" ಎಂದು ಮಾವ ಕುಣಿದಾಡುತ್ತಿದ್ದ. ಅತ್ತೆಗೆ ಕುಣಿತ ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಮಿಷನ್ನಿನ ಸದ್ದು ಅಂಥದ್ದು! ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಬರೀ ಕೈಸನ್ನೆಯಲ್ಲಿ ಸಂಸಾರ ಮಾಡುತ್ತಿದ್ದರು. ಅತ್ತೆ ತಲೆಯ ಮೇಲೆ ಎರಡು ಬೆರಳು ಎತ್ತಿ ಹಿಡಿದರೆ, ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ ಎಂದರ್ಥ. ಒಂದು ಸಲ ಮಾವ ಅದು ತನ್ನನ್ನೇ ಅಂದದ್ದೆಂದು ಮುನಿಸಿಕೊಂಡು ಊಟ ಬಿಟ್ಟು ಕೂತ. ಇವನು ಸಮಾಧಾನವಾಗುವ ಹೊತ್ತಿಗೆ ಎಮ್ಮೆ ಪಕ್ಕದವರ ಜೋಳದ ಹೊಲ ಪೂರ್ತಿ ಮುಗಿಸಿತ್ತು.

ಸಂಜೆ ಮಿಷನ್ ನಿಂತ ಮೇಲೆ ಮಾತಾಡಬಹುದಿತ್ತಲ್ಲ ಎನ್ನುತ್ತೀರಾ? ಸಂಜೆಗೆ ಮನೆ ತುಂಬ ಜನ. ಜನರೆದುರು ಹೆಂಡತಿಯ ಜೊತೆ ನಯವಾಗಿ ಮಾತಾಡಿದರೆ ಆ ಕಾಲದ ಗಂಡಸಿನ ಮರ್ಯಾದೆ ಏನಾಗಬೇಕು? "ಲೇ ಇವ್ಳೇ, ಸಾರಿಗೆ ಉಪ್ಪಿಲ್ಲ" ಎಂದರೆ ಅದೇ ಸರಸ.

ಇನ್ನು ಅತ್ತೆಯ ಮರ್ಯಾದೆಯ ಕಥೆ ಕೇಳಿ. ಮತದಾರರ ಪಟ್ಟಿ ಬರೆದುಕೊಳ್ಳುವವನೊಬ್ಬ ಬಂದು, "ಗಂಡನ ಹೆಸರು ಏನಮ್ಮಾ?" ಎಂದ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರು ಪ್ರಾಣ ಹೋದರೂ ಹೇಳರು. ಅವನು ಬಿಡಲೊಲ್ಲ, ಇವಳು ಹೇಳಲೊಲ್ಲಳು. ಕೊನೆಗೆ ಅತ್ತೆ ಮಿಷನ್ನಿನ ಕಡೆ ಬೆರಳು ತೋರಿಸಿದಳು. ಅವನು "ಮಿಷನ್ ಗೌಡ" ಎಂದು ಬರೆದುಕೊಂಡು ಹೋದ! ವಿಷಯ ತಿಳಿದ ಮಾವನಿಗೆ ಸಿಟ್ಟು ಬಂತು. "ಹಿಟ್ಟಿನ ಮಿಷನ್ ಗೌಡ ಅಂತ ಪೂರ್ತಿ ಬರೀಬೇಕಿತ್ತು. ಕಡ್ಲೆಕಾಯಿ ಮಿಷನ್ ಅಂದ್ಕಂಡ್ರೆ ಏನ್ ಗತಿ?"

ಎಂಬತ್ತರ ದಶಕ ಶುರುವಾಗಿತ್ತು. ನಾನು ಆಗ ಮಧುಗಿರಿಯಲ್ಲಿ ಮೇಷ್ಟರು. ಒಂದು ದಿನ ಮಿಷನ್ನಿಗೆ ಬೆಲ್ಟು ತರಲು ಮಾವನ ಜೊತೆ ಸಿರಾಕ್ಕೆ ಹೋದೆ. ಅಲ್ಲಿ ಒಬ್ಬ ಸಾಹೇಬರದು ಫಾರಿನ್ ಮಾಲಿನ ಅಂಗಡಿ. ಅವರ ಭಾಮೈದ ಕೊಲ್ಲಿ ದೇಶದಿಂದ ತಂದ ಜಪಾನಿನ ಒಂದು ನೀಲಿ ಪೆಟ್ಟಿಗೆ ಗಾಜಿನ ಹಿಂದೆ ಮಾರಾಟವಾಗದೆ ಕೂತಿತ್ತು. ಒಳಗೆ ಕ್ಯಾಸೆಟ್ಟು ಹಾಕಿದರೆ ಹಾಡುತ್ತದೆ, ಆದರೆ ಹೊರಗೆ ಕೇಳುವುದಿಲ್ಲ.

"ಇದೇನು ಸಾಬ್ರೆ, ಇದಕ್ಕೆ ಬಾಯೇ ಇಲ್ಲ?"

"ಸೀದಾ ಕಿವಿಗೇ ಗೌಡ್ರೆ! ದೇಖೋ, ಎರಡು ತೂತು ಐತೆ, ಇಬ್ಬರು ಕೇಳ್ಬೋದು. ಈ ಕಿತ್ತಳೆ ಗುಂಡಿ ಒತ್ತಿದ್ರೆ ಹಾಡು ಸಣ್ಣಗಾಗ್ತದೆ. ಇಲ್ಲಿ ಬಾಯಿಟ್ಟು ಮಾತಾಡಿದ್ರೆ ಇಬ್ಬರ ಕಿವೀಗೂ ಮಾತು ಬರ್ತದೆ."

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ತಕರಾರು ಬರಲೆಂದು ನಾನು ಕಾದೆ. ಸಾಹೇಬರೂ ಕಾದರು. ಬರಲೇ ಇಲ್ಲ! ಹುಟ್ಟಿದಾರಭ್ಯ ಮೊದಲ ಸಲ ಮಾವ ಒಂದು ವಸ್ತುವನ್ನು ಬಾಯಿ ಮುಚ್ಚಿಕೊಂಡು ಕೊಂಡ.

ಆಮೇಲೆ ನೀವು ಆ ಮಿಷನ್ ಮನೆ ನೋಡಬೇಕಿತ್ತು! ಅಡಿಯಿಂದ ಮುಡಿಯವರೆಗೆ ಹಿಟ್ಟು ಬಳಿದುಕೊಂಡ ಇಬ್ಬರು, ಇಬ್ಬರ ತಲೆಗೂ ಒಂದೊಂದು ಪಟ್ಟಿ, ಕಿವಿಗೆ ಸ್ಪಂಜು, ನಡುವೆ ಉದ್ದನೆಯ ವೈರು. ಒಬ್ಬರು ಹಿಂದೆ ಸರಿದರೆ ಇನ್ನೊಬ್ಬರು ಮುಂದೆ ಬರಬೇಕು. ಮಾತು ಬಂದಾಗ ಮಾವ ಪೆಟ್ಟಿಗೆಯನ್ನು ಬಾಯಿಗೆ ಒತ್ತಿ, ಮೇಲೆ ಟವೆಲ್ ಮುಚ್ಚಿ, ಗುಂಡಿ ಅದುಮುತ್ತಿದ್ದ. ಹೇಳಿ ಮುಗಿಸಿ, ತಿರುಗಿಯೂ ನೋಡದೆ ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ ಚಾಚುತ್ತಿದ್ದ. ಅತ್ತೆ ಅದನ್ನು ಸೆರಗಿನೊಳಗೆ ಎಳೆದುಕೊಂಡು ಏನೋ ಹೇಳಿ ವಾಪಸು ಕೊಡುತ್ತಿದ್ದಳು. ರಾಗಿ ತಂದ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ನಾನು ಕೇಳಿದೆ. "ಅದೇನು ಮಾತಾಡ್ತೀಯ ಮಾವ, ಅಷ್ಟೊತ್ತು?"

"ಹಿಟ್ಟು ನುಣ್ಣಗಾಯ್ತಾ ಅಂತ ಕೇಳ್ತೀನಿ ಕಣ್ಲಾ."

"ಅದಕ್ಕೆ ಅತ್ತೆ ಯಾಕೆ ನಗ್ತಾಳೆ?"

"ನುಣ್ಣಗಾಗೈತೆ ಅಂತ!"

ಇಷ್ಟು ಸುಖವಾಗಿರುವಾಗ ಒಂದು ದಿನ ಪೆಟ್ಟಿಗೆ ಮಾವನ ಕೈಜಾರಿ ರಾಗಿಯ ಡಬ್ಬಕ್ಕೆ ಬಿತ್ತು. ಮಿಷನ್ನಿಗೆ ರಾಗಿ ಯಾವುದು, ಜಪಾನು ಯಾವುದು? ಅದು ಅಗಿದುಬಿಟ್ಟಿತು. ಮಿಷನ್ ಬಿಚ್ಚಿ ಚೂರುಗಳನ್ನು ತೆಗೆಯುವಷ್ಟರಲ್ಲಿ ಊರೆಲ್ಲ ಸುದ್ದಿಯಾಯಿತು. "ಗೌಡ್ರೆ, ನಿಮ್ ಹಿಟ್ಟಿನ ಮುದ್ದೆ ತಿಂದ್ರೆ ಹೊಟ್ಟೇಲಿ ಪದ ಕೇಳ್ತೈತಂತೆ?" ಎಂದು ಹೆಂಗಸರು ಛೇಡಿಸಿದರು. ಮಾವ ನಗಲಿಲ್ಲ. ಕಿವಿಗೆ ಹಾಕುವ ಪಟ್ಟಿಗಳೆರಡೂ ಉಳಿದಿದ್ದವು. ಗೋಡೆಯ ಮೊಳೆಗೆ ತಗಲಿಹಾಕಿದ.

ಮರುದಿನವೇ ನನ್ನನ್ನೂ ಕರೆದುಕೊಂಡು ಸಿರಾಕ್ಕೆ ಹೋದ. ಸಾಹೇಬರು ಸಂಭ್ರಮದಿಂದ ಹೊಸ ಮಾಡೆಲ್ಲು ತೆಗೆದಿಟ್ಟರು. ಹಳೆಯದಕ್ಕಿಂತ ಸಣ್ಣದು, ತೆಳ್ಳಗಿನದು, ಫಳಫಳ ಹೊಳೆಯುವುದು.

"ಇನ್ನೊಂದ್ ತೂತೆಲ್ಲಿ?" ಎಂದ ಮಾವ.

"ಹೊಸ ಮಾಡ್ಲಿಗೆ ಒಂದೇ ಗೌಡ್ರೆ."

"ಕಿತ್ತಳೆ ಗುಂಡಿ?"

"ಅದೂ ತೆಗೆದುಬಿಟ್ರು. ಯಾರಿಗೂ ಅದು ಬೇಕಾಗಿರ್ಲಿಲ್ವಂತೆ."

"ಯಾರಿಗೂ ಅಂದ್ರೆ ಯಾರಿಗೆ? ನನ್ನ ಕೇಳಿದ್ರಾ? ನಮ್ ಮಿಷನ್ ತಾವ ಬಂದು ನೋಡಿದ್ರಾ ಯಾವನಾದ್ರೂ?"

"ಅರೇ ಗೌಡ್ರೆ, ಜಪಾನಿಂದ ನಿಮ್ಮೂರಿಗೆ ಬಸ್ಸಿಲ್ಲ!"

"ಒಂದ್ ಕಾಲು ಕಿತ್ತಾಕಿ ಹೊಸ ಮಾಡ್ಲು ಕೋಳಿ ಅಂತ ಕೊಟ್ರೆ ತಗಂತೀರಾ ಸಾಬ್ರೆ? ಅದೂ ಜಾಸ್ತಿ ದುಡ್ಡಿಗೆ?"

ಸಾಹೇಬರು ಹೊಸ ಮಾಡೆಲ್ಲನ್ನು ಎತ್ತಿ ಗಾಜಿನ ಹಿಂದಕ್ಕಿಟ್ಟರು. ಇದ್ದದ್ದನ್ನು ಕಿತ್ತುಕೊಂಡು, ಅದಕ್ಕೆ ಬಣ್ಣ ಬಳಿದು, ನಮಗೇ ಮಾರಿ, ನಾವು ಮುಂದುವರಿದಿದ್ದೇವೆಂದು ನಮ್ಮನ್ನೇ ನಂಬಿಸುವ ಈ ಜಾಣತನಕ್ಕೆ ಯಾವ ದೇಶದವರು ಬಹುಮಾನ ಕೊಡುತ್ತಾರೋ ತಿಳಿಯದು. ಆದರೆ ಅವತ್ತು ನಾನು ಮಾವನಿಗೆ ಹೇಳಿದ್ದು ಬೇರೆ. "ಹಾಡು ಕೇಳೋಕೆ ಒಂದು ತೂತು ಸಾಲದಾ ಮಾವ?"

"ಹಾಡು ಯಾವನಿಗೆ ಬೇಕ್ಲಾ!" ಎಂದು ಗದರಿ ಬಸ್ಸು ಹತ್ತಿದ.

ಅಲ್ಲಿಂದ ಶುರುವಾಯಿತು ನೋಡಿ, ಹುಡುಕಾಟ! ಸಂತೆ, ಅಂಗಡಿ, ಬಸ್ ನಿಲ್ದಾಣ, ಎಲ್ಲೇ ಹೋದರೂ ಅದೇ ಮಾತು. ಕೊರಟಗೆರೆಯಲ್ಲಿ ಒಬ್ಬ ಅಂಗಡಿಯವನ ಮುಂದೆ, "ಎರಡು ತೂತು, ಕಿತ್ತಳೆ ಗುಂಡಿ ಐತಾ?" ಎಂದರೆ ಆ ಪುಣ್ಯಾತ್ಮ ಅಂಗಿಯ ಗುಂಡಿಗಳ ಡಬ್ಬಿ ತಂದಿಟ್ಟು, "ನಾಕು ತೂತಿಂದು ಇನ್ನೂ ಗಟ್ಟಿ ಬರ್ತದೆ" ಎಂದ!

ಮಿಷನ್ ಮನೆಯಲ್ಲಿ ಮತ್ತೆ ಕೈಸನ್ನೆಯ ಸಂಸಾರ. ಒಂದು ಭಾನುವಾರ ನಾನು ಹೋದಾಗ ಅತ್ತೆ ಮೊಳೆಗೆ ನೇತುಹಾಕಿದ್ದ ಪಟ್ಟಿಗಳ ಹಿಟ್ಟು ಒರೆಸುತ್ತಿದ್ದಳು. "ನಿಮ್ ಮಾವನಿಗೆ ಹೇಳಪ್ಪಾ, ಅಲೆಯೋದು ಸಾಕು ಅಂತ. ಇಷ್ಟು ದಿನ ಮಾತಿಲ್ದಲೇ ಬದುಕಿರ್ಲಿಲ್ವಾ?" ಎಂದಳು. ಹಾಗೆಂದರೂ ಒರೆಸುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಸುಳಿವು ಕೊಟ್ಟವರು ಸಾಹೇಬರೇ. ಅವರ ಭಾಮೈದ ತಂದ ಇನ್ನೊಂದು ನೀಲಿ ಪೆಟ್ಟಿಗೆ ಪಾವಗಡದ ಕಡೆ, ನಿಡುಗಲ್ಲಿನ ಒಬ್ಬ ರೆಡ್ಡಿಯವರ ಮನೆ ಸೇರಿತ್ತಂತೆ. ಮಾವ ಏನು ಮಾಡಿದ ಗೊತ್ತೇ? ಬೈದು ಬಿಟ್ಟುಬಂದಿದ್ದ ಹೊಸ ಮಾಡೆಲ್ಲನ್ನೇ ಕೊಂಡ! ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ನಿಡುಗಲ್ಲಿಗೆ ಹೊರಟ.

ರೆಡ್ಡಿಯವರು ಬೆಟ್ಟದ ಬುಡದ ಮನೆಯ ಜಗುಲಿಯ ಮೇಲೆ ಕೂತಿದ್ದರು. ಅಳಿಯ ಕೊಟ್ಟ ಪೆಟ್ಟಿಗೆ ಸೊಂಟದಲ್ಲೇ ಇತ್ತು. ಅದಕ್ಕೆ ಸೆಲ್ಲು ಹಾಕಿಯೇ ಇರಲಿಲ್ಲ! ಮದುವೆ ಮುಂಜಿಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಇಟ್ಟುಕೊಂಡಿದ್ದರಂತೆ, ಅಷ್ಟೆ. ಮಾವ ಟವೆಲ್ ಬಿಚ್ಚಿ ಹೊಳೆಯುವ ಹೊಸ ಮಾಡೆಲ್ಲನ್ನು ಅವರ ಮುಂದಿಟ್ಟ.

"ಇದು ತಗಳ್ಳಿ, ಅದು ಕೊಡಿ."

"ಏಮಯ್ಯಾ, ನಿಜಂಗಾನಾ? ಹೊಸದು ಕೊಟ್ಬುಟ್ಟು ಹಳೇದು ತಗಂಡೋಗ್ತೀಯಾ?"

"ಊಂ."

ರೆಡ್ಡಿಯವರು ಒಳಗೆ ತಿರುಗಿ ಹೆಂಡತಿಗೆ ಕೂಗಿದರು. "ಏಮೇ, ಬೇಗ ಕಾಫಿ ತೇವೇ! ಪಿಚ್ಚೋಡು ಮನಸು ಬದಲಾಯಿಸೋದ್ರೊಳಗೆ ಕುಡಿಸಿ ಕಳಿಸ್ಬೇಕು!" ಪಿಚ್ಚೋಡು, ಅಂದರೆ ಹುಚ್ಚ, ಎಂದು ಎದುರಿಗೇ ಕರೆಸಿಕೊಂಡರೂ ಮಾವ ಕಾಫಿ ಕುಡಿದು ಎದ್ದ. ನೀಲಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ಕೂತ. ಬಸ್ಸು ಹೊರಟ ಮೇಲೆ, "ಲೋಟ ಸಣ್ಣದು ಕಣ್ಲಾ" ಎಂದ.

ಮುಂದಿನ ಭಾನುವಾರ ಹಿಟ್ಟು ಮಾಡಿಸಲು ಹೋದೆ. ಇಬ್ಬರೂ ಮತ್ತೆ ವೈರಿನ ಎರಡು ತುದಿಯಲ್ಲಿದ್ದರು. ಅತ್ತೆ ನನ್ನನ್ನು ಹತ್ತಿರ ಕರೆದು, ತನ್ನ ಪಟ್ಟಿಯನ್ನು ತೆಗೆದು ನನ್ನ ತಲೆಗೆ ಹಾಕಿ, ಚೀಲದ ಬಾಯನ್ನು ನನ್ನ ಕೈಗೆ ಕೊಟ್ಟಳು. "ವಸಿ ಇಡ್ಕಳಪ್ಪಾ, ಒಲೆ ಮ್ಯಾಲೆ ಹಾಲೈತೆ" ಎಂದು ಕಿವಿಯ ಹತ್ತಿರ ಕೂಗಿ ಒಳಗೆ ಓಡಿದಳು. ಮಾವ ಆ ಕಡೆ ತಿರುಗಿ ರಾಗಿ ಸುರಿಯುತ್ತಿದ್ದ. ಅವನಿಗೆ ಗೊತ್ತಾಗಲಿಲ್ಲ.

ಇದ್ದಕ್ಕಿದ್ದಂತೆ ಹಾಡು ಸಣ್ಣಗಾಯಿತು. ಕಿವಿಯಲ್ಲಿ ಮಾವನ ದನಿ ಬಂತು. ಅಷ್ಟು ಮೆತ್ತಗಿನ ದನಿ ಅವನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಎಷ್ಟು ದಿನ ಆಗೋಯ್ತಲ್ಲೇ ಕೇಳಿ. ನಮ್ಮವ್ವ ಹೋದ್ ಮ್ಯಾಲೆ ನನ್ನ ಹೆಸ್ರು ಹಿಡಿದು ಕರಿಯೋರು ನಿನ್ನ ಬುಟ್ರೆ ಯಾರವ್ರೆ? ಈ ಸದ್ದಾಗೆ ದೇವ್ರಿಗೂ ಕೇಳಾಕಿಲ್ಲ, ನನ್ನ ಆಯಸ್ಸಿಗೆ ಏನೂ ಆಗಾಕಿಲ್ಲ. ಒಂದ್ಸಲ ಹೇಳು."

ಹೇಳಿ, ತಿರುಗಿ ನೋಡದೆ ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ, ನನ್ನ ಕಡೆಗೆ ಚಾಚಿದ.

ಅಷ್ಟರಲ್ಲಿ ಅತ್ತೆ ಬಂದಳು. ಚಾಚಿದ ಕೈಯನ್ನು ನೋಡಿದಳು, ನನ್ನ ಮುಖ ನೋಡಿದಳು, ನನ್ನ ತಲೆಯಿಂದ ಪಟ್ಟಿಯನ್ನು ಕಿತ್ತುಕೊಂಡು ತಾನು ಹಾಕಿಕೊಂಡಳು. ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿ ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿಕೊಂಡಳು. ನನಗೆ ಮಿಷನ್ನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮಾವನಿಗೆ ಕೇಳಿಸಿತು. ರಾಗಿಯ ಮೊರ ಹಿಡಿದ ಕೈ ಅಲ್ಲೇ ನಿಂತಿತು.

ನನ್ನ ಕೈಯಲ್ಲಿದ್ದ ಚೀಲ ಆಗಲೇ ತುಂಬಿ ಹಿಟ್ಟು ನೆಲಕ್ಕೆ ಸುರಿಯುತ್ತಿತ್ತು. ಊರವರ ಹಿಟ್ಟು! ಮಾವ ತಿರುಗಿ ಅದನ್ನು ನೋಡಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲಕ್ಕೆ ಕಾಯುತ್ತ ನಿಂತ.