ಕೆಡವಿದ ಸ್ಟೇಡಿಯಮ್ಮಿನಲ್ಲಿ ನಾನು ಹೊಡೆದ ಗೋಲು

ಇದ್ದಾಗ ಯಾರೂ ತಿರುಗಿ ನೋಡದ ಜಾಗಕ್ಕೆ ಕೆಡವಿದ ಮೇಲೆ ಇತಿಹಾಸ ಬಂದುಬಿಡುವುದು ನಮ್ಮ ಕಡೆ ಹೊಸದೇನಲ್ಲ. ಶಿರಾಗೂ ಮಧುಗಿರಿಗೂ ನಡುವೆ ಇರುವ ನಮ್ಮೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿಗೂ ಹಾಗೇ ಆಯಿತು. ಸ್ಟೇಡಿಯಂ ಅಂದರೆ ಸುತ್ತ ಒಂದು ಕಾಂಪೌಂಡು, ಒಂದು ಕಡೆ ಐದು ಮೆಟ್ಟಿಲಿನ ಕಲ್ಲು ಗ್ಯಾಲರಿ, ಬಲೆಯಿಲ್ಲದ ಎರಡು ಗೋಲ್‌ಪೋಸ್ಟು, ಅಷ್ಟೇ. ಹೋದ ವರ್ಷ ಮಳಿಗೆ ಕಟ್ಟಲೆಂದು ಅದನ್ನು ಕೆಡವಿದರು. ಮಣ್ಣು ಸಾಗಿಸಿ ಮುಗಿಯುವ ಮೊದಲೇ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಯಿತು. ಇತಿಹಾಸ ಬರೆಯಲು ನಿವೃತ್ತ ಪಿ.ಟಿ. ಮೇಷ್ಟ್ರಾದ ನನ್ನನ್ನು ಹಿಡಿದರು.

ನಾನು ಮೊದಲು ಬರೆದದ್ದೇ ನನ್ನ ಗೋಲು. ಮೇಷ್ಟ್ರಾಗುವುದಕ್ಕೂ ಮುಂಚೆ, ಪಾವಗಡದ ಟೀಮಿನ ಮೇಲೆ, ಅವರ ಹೆಸರುವಾಸಿ ಗೋಲ್‌ಕೀಪರ್ ಇದ್ದಾಗಲೇ ನಾನು ಹೊಡೆದ ಗೋಲು. ಅದೊಂದರಿಂದಲೇ ನಾವು ಗೆದ್ದೆವು. ಆ ಮೈದಾನದಲ್ಲಿ ನಮ್ಮೂರು ಗೆದ್ದದ್ದೂ ಅದೊಂದೇ ಸಲ. ಸಂಚಿಕೆಯ ಸಂಪಾದಕಿ ನನ್ನ ಹಳೇ ಶಿಷ್ಯೆ, ಈಗ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಓದಿ, ಆ ಪ್ಯಾರಾದ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದಳು.

“ಸಾರ್, ಐದನೇ ಕ್ಲಾಸಲ್ಲಿ ಇದನ್ನ ಹೇಳಿದಾಗ ಹತ್ತು ಹೆಜ್ಜೆಯಿಂದ ಹೊಡೆದಿದ್ರಿ. ಏಳನೇ ಕ್ಲಾಸಿಗೆ ಮೂವತ್ತಾಯ್ತು. ಇಲ್ಲಿ ನೋಡಿದ್ರೆ ಅರ್ಧ ಮೈದಾನ ಅಂತಿದೆ. ನೋಡಿದೋರು ಒಬ್ಬರು ಬರೆದುಕೊಡಲಿ, ಹಾಕ್ತೀನಿ. ಇಲ್ಲಾಂದ್ರೆ ಇಲ್ಲ.”

ಜೀವಮಾನವೆಲ್ಲ ಆ ಮಣ್ಣಿನಲ್ಲಿ ಸೀಟಿ ಊದಿದವನಿಗೆ ನನ್ನದು ಅಂತ ಅಲ್ಲಿ ಇದ್ದದ್ದು ಅದೊಂದೇ. ನಿಜಕ್ಕೂ ಬೇಜಾರಾಯಿತು. ಸ್ಕೂಟರ್ ಹತ್ತಿ ಸಾಕ್ಷಿ ಹುಡುಕಲು ಹೊರಟೆ.

ಮಂದೆ

ಮೊದಲು ಹೋದದ್ದು ಪಟ್ಟನಾಯಕನಹಳ್ಳಿ ಕಡೆಯ ಕುರಿಗಾರನ ಹತ್ತಿರ. ನಾನು ಆಡುತ್ತಿದ್ದ ಕಾಲದಿಂದಲೂ ಅವನು ಆ ಕಾಂಪೌಂಡಿನ ಸುತ್ತಮುತ್ತಲೇ ಕುರಿ ಮೇಯಿಸಿದವನು. ಮೇಷ್ಟ್ರಾದ ಮೇಲೆ ಅವನನ್ನು ಒಳಗೆ ಬಿಟ್ಟವನು ನಾನೇ. ಹೊಲಕ್ಕೆ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುವ ಹಾಗೆ, ಮೈದಾನದಲ್ಲಿ ಹುಲ್ಲು ಬರಲಿ ಎಂದು ಅವನ ಕುರಿಗಳನ್ನು ಒಂದು ವಾರ ನಿಲ್ಲಿಸಿಕೊಂಡಿದ್ದೆ. ಮಳೆ ಬಿತ್ತು. ಹುಲ್ಲು ಬಂತು ನೋಡಿ, ಪಾದ ಮುಳುಗುವಷ್ಟು! ಖುಷಿಯಿಂದ ಒಂದು ಮ್ಯಾಚು ಗೊತ್ತು ಮಾಡಿದೆ. ಆ ದಿನ ಬೆಳಿಗ್ಗೆ ಹೋದರೆ ಮೈದಾನದ ತುಂಬ ಕುರಿ.

“ಲೇ, ಯಾರನ್ನ ಕೇಳಿ ಒಳಗೆ ಬಿಟ್ಟೆ?” ಅಂತ ಕೂಗಿದೆ.

“ಕೇಳಾದೇನು ಮೇಷ್ಟ್ರೇ? ಗೊಬ್ರ ಹಾಕಿದ್ದು ಯಾರು? ನಮ್ ಕುರಿ. ಅಂದ್ಮ್ಯಾಲೆ ಬೆಳೆ ಯಾರ್ದು, ನೀವೇ ಹೇಳ್ಬುಡಿ.”

ಅಲ್ಲಿಂದ ಮುಂದೆ ಕುರಿಗಳದ್ದು ಮುಗಿದ ಮೇಲೆ ನಮ್ಮ ಆಟ ಅಂತಾಯಿತು.

ಈಗ ಹೋಗಿ ನನ್ನ ಗೋಲು ಜ್ಞಾಪಕ ಇದೆಯಾ ಎಂದರೆ ತಲೆ ಕೆರೆದುಕೊಂಡ. “ಗೋಲು ಗೀಲು ನಂಗೊತ್ತಿಲ್ಲ ಬುಡಿ. ಆದ್ರೆ ಆ ಹುಲ್ಲು! ಅದ್ನ ತಿಂದ ಟಗರಿನಂಗೆ ಇನ್ನೊಂದು ಟಗರು ಬೆಳೀಲಿಲ್ಲ. ಇತಿಹಾಸದಾಗೆ ಅದ್ನ ಬರ್ಕಳಿ, ಹೆಬ್ಬೆಟ್ಟು ನಾನ್ ಒತ್ತೀನಿ.”

ಚಪ್ಪಾಳೆ

ಆ ಮ್ಯಾಚಿಗೆ ಗ್ಯಾಲರಿ ತುಂಬಿತ್ತು. ಚಪ್ಪಾಳೆ ಮೊದಲಿನಿಂದ ಕೊನೆಯವರೆಗೂ ನಿಲ್ಲಲೇ ಇಲ್ಲ. ಅವತ್ತು ಅಲ್ಲಿ ಕೂತಿದ್ದ ಒಬ್ಬಾಕೆ ಈಗ ಗೊರವನಹಳ್ಳಿಯಲ್ಲಿ ಬಸ್ಸಿಳಿದವರಿಗೆ ಹೂವು ಮಾರುತ್ತಾಳೆಂದು ಗೊತ್ತಾಗಿ ಅಲ್ಲಿಗೂ ಹೋದೆ.

“ಅವತ್ತು ನೀವೂ ಬಂದಿದ್ರಂತಲ್ಲ, ಅವ್ವಾ?”

“ಬಂದಿದ್ದೆ ಕಣಪ್ಪ. ಊರ್ ಹೆಂಗಸ್ರೆಲ್ಲ ಬಂದಿದ್ವಿ.”

ನನ್ನ ಎದೆ ಉಬ್ಬಿತು. “ಏನು ಚಪ್ಪಾಳೆ ಹೊಡೆದ್ರಿ!”

ಆಕೆ ಹೂ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಚಪ್ಪಾಳೆ ನಾವ್ಯಾಕ್ ಹೊಡಿಯಾನ? ಹುಣಸೆಹಣ್ಣು ಕುಟ್ಟಾಕೆ ಬಂದಿದ್ವಿ. ಕಲ್ಲಿನ ಮೆಟ್ಲು, ಮ್ಯಾಲೆ ಬೇವಿನ ಮರದ ನೆಳ್ಳು, ಬೀಜ ಬಿಡ್ಸಾಕೆ ಅಂಥ ಜಾಗ ಎಲ್ ಸಿಕ್ತದೆ? ಕೆಳಗೆ ನೀವೇನೋ ಓಡಾಡ್ತಿದ್ರಿ, ದೂಳೆಲ್ಲ ಹಣ್ಣಿಗೆ ಬೀಳ್ತಿತ್ತು. ಬಯ್ಯಾನ ಅಂದ್ಕಂಡು, ಪಾಪ, ಆಡ್ಕಳ್ಳಿ ಅಂತ ಸುಮ್ಕಾದ್ವಿ.”

ಆ ಕುಟ್ಟುವ ಸದ್ದಿಗೆ ನಾನು ಎರಡು ಸಲ ಗ್ಯಾಲರಿ ಕಡೆ ತಿರುಗಿ ಕೈ ಮುಗಿದಿದ್ದೆ.

ಪ್ಯಾಚ್

ರೆಫ್ರಿ ಒಪ್ಪಿದರೆ ಇನ್ಯಾರೂ ಬೇಕಿಲ್ಲವಲ್ಲ ಎಂದು ಶಿರಾಗೆ ಹೋದೆ. ರೆಫ್ರಿ ಅಂದರೆ ಸೈಕಲ್ ಶಾಪಿನ ಚಾಚಾ. ಅವತ್ತು ಬಾಲಿನ ಬ್ಲಾಡರಿಗೆ ಪ್ಯಾಚ್ ಹಾಕಿಕೊಟ್ಟವರೂ ಅವರೇ, ಸೀಟಿ ಊದಿದವರೂ ಅವರೇ. ಪ್ರೀತಿಯಿಂದ ಟೀ ತರಿಸಿದರು. ಗೋಲಿನ ಮಾತೆತ್ತಿದೆ.

“ಗೋಲು ಮಾಲೂಮಿಲ್ಲ ಬೇಟಾ. ನೀವೆಲ್ಲ ಬಾಲ್ ನೋಡ್ತಿದ್ರಿ, ನಾನು ಪ್ಯಾಚ್ ನೋಡ್ತಿದ್ದೆ. ಯಾರು ಒದ್ರೂ ನನ್ನ ಜೀವ ಹೋಗಿ ಬರ್ತಿತ್ತು. ಲೇಕಿನ್ ಪೂರಾ ಮ್ಯಾಚ್ ನಿಲ್ತು ನೋಡು! ಅದನ್ನ ಬರಿ.”

ಪಾವಗಡದ ಗೋಲ್‌ಕೀಪರ್

ಉಳಿದವರು ಒಬ್ಬರೇ, ಗೋಲು ಬಿಟ್ಟವರು. ಪಾವಗಡ ದಾಟಿ ಆಂಧ್ರದ ಗಡಿಯ ಹತ್ತಿರ ಅವರ ಹಳ್ಳಿ, ಅಲ್ಲೊಂದು ಹಿಟ್ಟಿನ ಗಿರಣಿ. ಸೋತವರು ಒಪ್ಪುತ್ತಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಹೋದೆ.

“ನಿಮ್ಮ ಮೇಲೆ ಗೋಲ್ ಹೊಡೆದವನು ನಾನೇ,” ಅಂದೆ.

ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡರು. “ಅಯ್ಯೋ, ಮೀರೇನಾ ಸಾರ್, ನೀವೇನಾ! ರಾಂಡಿ ರಾಂಡಿ, ಕೂತ್ಕಳಿ.”

“ಆ ಗೋಲನ್ನ ನೀವು ನೋಡಿದ್ರಿ ತಾನೇ?”

“ನೋಡ್ದೇ ಏನ್ ಸಾರ್! ಕಣ್ಣಾರೆ ನೋಡಿದೀನಿ. ಬರ್ಕೊಡ್ಲಾ?”

ಕಾಗದ, ಪೆನ್ನು ಕೊಟ್ಟೆ. “ಗೋಲ್‌ಪೋಸ್ಟಲ್ಲಿ ನಿಂತು ನೋಡಿದೆ ಅಂತ ಬರೀರಿ.”

“ಪೋಸ್ಟಲ್ಲಿ ಎಲ್ಲಿದ್ದೆ ಸಾರ್? ಬಸ್ಸಲ್ಲಿದ್ದೆ.”

“ಯಾವ ಬಸ್ಸು?”

“ನಮ್ಮೂರಿಗೆ ಆಗ ಸಾಯಂಕಾಲ ಒಂದೇ ಬಸ್ಸು. ಆಟ ಮುಗಿಯೋ ಹಂಗೇ ಕಾಣ್ಲಿಲ್ಲ. ಬಸ್ಸು ನೋಡಿದ್ರೆ ಕಾಂಪೌಂಡ್ ಪಕ್ಕ ನಿಂತು ಹಾರನ್ ಹೊಡೀತಾ ಐತೆ. ಏಮ್ ಚೇಸೇದಿ, ಏನ್ ಮಾಡಾದು? ಗೋಡೆ ಹತ್ತಿಬುಟ್ಟೆ. ನಮ್ ಟೀಮೋರೆಲ್ಲ ನನ್ನ ಹಿಡಿಯಾಕೆ ಗೋಡೆ ಹತ್ರ ಓಡಿ ಬಂದ್ರು.”

ಅವತ್ತು ನನ್ನನ್ನು ತಡೆಯಲು ಒಬ್ಬನೂ ಎದುರಿಗೆ ಬರಲಿಲ್ಲ. ನನ್ನ ವೇಗಕ್ಕೆ ಹೆದರಿ ಚದುರಿದರು ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ಕೀಪರ್ ಇಲ್ಲದ್ದು ನನಗೆ ಯಾಕೆ ಕಾಣಲಿಲ್ಲ ಅಂದರೆ, ಒದೆಯುವಾಗ ಕಣ್ಣು ಮುಚ್ಚಿಕೊಳ್ಳುವುದು ನನ್ನ ಅಭ್ಯಾಸ. ಮತ್ತೆ ಕಣ್ಣು ಬಿಡುತ್ತಿದ್ದದ್ದು ನಮ್ಮವರು ಹೋ ಎಂದು ಕೂಗಿದ ಮೇಲೆ.

ಉಳಿದಷ್ಟು ಮಾನವನ್ನಾದರೂ ಉಳಿಸಿಕೊಳ್ಳೋಣ ಅನ್ನಿಸಿತು. “ಹೋಗಲಿ ಬಿಡಿ. ಪೋಸ್ಟಲ್ಲಿ ಇದ್ದಿದ್ರೂ ಆ ಹೊಡೆತ ಹಿಡಿಯೋಕೆ ಆಗ್ತಿರಲಿಲ್ಲ ಅಂತ ಒಂದು ಸಾಲು ಬರೆದುಬಿಡಿ.”

ಅವರು ಪೆನ್ನು ಕೆಳಗಿಟ್ಟರು.

“ಸುಳ್ಳು ಹೆಂಗ್ ಬರೀಲಿ ಸಾರ್? ನೀವು ಒದ್ದಾಗ ನಾನಿನ್ನೂ ಗೋಡೆ ಮ್ಯಾಲಿದ್ದೆ. ಇಳಿದೆ, ಬಸ್ ಹತ್ತಿದೆ, ಸೀಟು ಹುಡುಕ್ಕೊಂಡು ಕೂತೆ, ಕಂಡಕ್ಟ್ರು ಟಿಕೆಟ್ ಹರಿದು ಕೊಟ್ಟ. ಕಿಟಕೀಲಿ ನೋಡ್ತೀನಿ, ಬಾಲು ಇನ್ನಾ ಬರ್ತಾನೇ ಐತೆ!”